ಕನಸು ಕಂಡಿದ್ದಕ್ಕೇ ನೊಬೆಲ್ ಬಂತೇ? ಎರಡು ಕಪ್ಪೆ ಹೃದಯಗಳ ನಿಜವಾದ ಕಥೆ

ಇಂಥದ್ದೊಂದು ಕಥೆ ನಿಮ್ಮ ಫೋನಿಗೂ ಬಂದಿರಬಹುದು. ಒಬ್ಬ ವಿಜ್ಞಾನಿಗೆ ಮಧ್ಯರಾತ್ರಿ ಕನಸು ಬಿತ್ತಂತೆ. ಕನಸಿನಲ್ಲಿ ಒಂದು ಪ್ರಯೋಗ ಕಂಡಿತಂತೆ. ಎದ್ದು ಓಡಿಹೋಗಿ ಅದನ್ನೇ ಮಾಡಿ ನೋಡಿದರಂತೆ, ನೊಬೆಲ್ ಪ್ರಶಸ್ತಿ ಸಿಕ್ಕಿತಂತೆ. ಕೊನೆಗೊಂದು ನೀತಿಯೂ ಇರುತ್ತದೆ: ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಒಳಮನಸ್ಸನ್ನು ನಂಬಿ, ಉತ್ತರ ತಾನಾಗಿಯೇ ಬರುತ್ತದೆ.

ಈ ಕಥೆ ಸುಳ್ಳೇ? ಪೂರ್ತಿ ಸುಳ್ಳಲ್ಲ. ಕನಸು ಕಂಡ ವಿಜ್ಞಾನಿಯ ಹೆಸರು ಓಟೊ ಲೋವಿ. ಕನಸಿನ ಸಂಗತಿಯನ್ನು ಹೇಳಿಕೊಂಡವರೂ ಅವರೇ. ಆದರೆ ಫಾರ್ವರ್ಡ್‌ಗಳು ಕನಸಿಗೆ ಮುಂಚಿನ ಹದಿನೇಳು ವರ್ಷಗಳನ್ನೂ ಕನಸಿನ ನಂತರದ ಹದಿನಾರು ವರ್ಷಗಳನ್ನೂ ಬಿಟ್ಟುಬಿಡುತ್ತವೆ. ನಿಜವಾದ ವಿಜ್ಞಾನ ನಡೆದಿದ್ದು ಆ ವರ್ಷಗಳಲ್ಲೇ. ಅದರ ಫಲ ಇವತ್ತು ನಮ್ಮೂರಿನ ಆಸ್ಪತ್ರೆಯ ತುರ್ತು ಚಿಕಿತ್ಸಾ ಕೋಣೆಯಲ್ಲೂ ಕೆಲಸಕ್ಕೆ ಬರುತ್ತಿದೆ. ಹಾಗಾಗಿ ಈ ಬಾರಿ ಲೋವಿ ಅವರ ಬದುಕನ್ನು ಮೊದಲಿನಿಂದ ನೋಡೋಣ.

ಚಿತ್ರಕಲೆ ಓದಬೇಕಿದ್ದ ಹುಡುಗ

ಓಟೊ ಲೋವಿ ಹುಟ್ಟಿದ್ದು 1873ರ ಜೂನ್ 3ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ. ಯಹೂದಿ ಕುಟುಂಬ. ತಂದೆ ದ್ರಾಕ್ಷಾರಸದ ವ್ಯಾಪಾರಿ. ಹುಡುಗನಿಗೆ ಇಷ್ಟವಿದ್ದದ್ದು ಕಲೆಯ ಇತಿಹಾಸ. ಮನೆಯವರು ಮಾತ್ರ ವೈದ್ಯನಾಗಲಿ ಅಂದರು. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ನಡೆಯುವ ಮಾತೇ ಇದು!

1891ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದರೂ ಮನಸ್ಸು ಅಲ್ಲಿರಲಿಲ್ಲ. ವೈದ್ಯಕೀಯದ ಪಾಠ ಬಿಟ್ಟು ಕಲೆ, ತತ್ವಶಾಸ್ತ್ರದ ಉಪನ್ಯಾಸಗಳಿಗೆ ಹೋಗಿ ಕೂರುತ್ತಿದ್ದರು. ಮೊದಲ ದೊಡ್ಡ ಪರೀಕ್ಷೆಯಲ್ಲಿ ಹೇಗೋ ಪಾಸಾದರು. ಆಮೇಲೆ ನಿಧಾನವಾಗಿ ವಿಜ್ಞಾನದ ರುಚಿ ಹತ್ತಿತು. 1896ರಲ್ಲಿ ಪದವಿ ಪಡೆದರು. ಅದಕ್ಕಾಗಿ ಅವರು ಮಾಡಿದ ಸಂಶೋಧನೆ ಯಾವುದರ ಮೇಲೆ ಗೊತ್ತೇ? ದೇಹದಿಂದ ಹೊರತೆಗೆದ ಕಪ್ಪೆಯ ಹೃದಯದ ಮೇಲೆ ಬೇರೆ ಬೇರೆ ಔಷಧಗಳು ಏನು ಪರಿಣಾಮ ಬೀರುತ್ತವೆ ಎಂಬುದರ ಮೇಲೆ. ಇದನ್ನು ನೆನಪಿಟ್ಟುಕೊಳ್ಳಿ. ಕನಸಿನಲ್ಲಿ ಬಂದ ಕಪ್ಪೆ ಹೃದಯ ಅವರಿಗೆ ಹಳೆಯ ಪರಿಚಯ.

ಪದವಿಯ ನಂತರ ಕೆಲಕಾಲ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಕ್ಷಯ, ನ್ಯುಮೋನಿಯಾ ರೋಗಿಗಳು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರು, ಕೊಡಲು ಔಷಧವೇ ಇರಲಿಲ್ಲ. ಆಗಿನ್ನೂ ಆಂಟಿಬಯಾಟಿಕ್‌ಗಳು ಬಂದಿರಲಿಲ್ಲ. ಇದನ್ನು ನೋಡಿ ನೋಡಿ ಲೋವಿ ಚಿಕಿತ್ಸೆ ಬಿಟ್ಟು, ಔಷಧಗಳು ದೇಹದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬ ಸಂಶೋಧನೆಯ ಕಡೆ ತಿರುಗಿದರು. ಜರ್ಮನಿಯ ಮಾರ್ಬುರ್ಗ್, ಆಮೇಲೆ ಆಸ್ಟ್ರಿಯಾದ ವಿಯೆನ್ನಾ, 1909ರಿಂದ ಅದೇ ದೇಶದ ಗ್ರಾಜ್ ನಗರದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರು. ನಡುವೆ ಮದುವೆ, ನಾಲ್ವರು ಮಕ್ಕಳು. ಗ್ರಾಜ್‌ನಲ್ಲೇ ಅವರು ಸುಮಾರು 29 ವರ್ಷ ಇದ್ದರು.

ಎದೆಬಡಿತಕ್ಕೆ ಲಗಾಮು ಹಾಕುವುದು ಯಾರು?

ಕಥೆ ಮುಂದುವರಿಸುವ ಮೊದಲು ಹೃದಯದ ಬಗ್ಗೆ ಒಂದೆರಡು ವಿಷಯ ತಿಳಿದುಕೊಳ್ಳೋಣ. ಹೃದಯ ಬಡಿಯುವುದು ಮೆದುಳಿನ ಅಪ್ಪಣೆಯಿಂದ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ ಒಂದು ಸಣ್ಣ ಜೀವಕೋಶಗಳ ಗುಂಪಿದೆ. ಬಡಿತ ಹುಟ್ಟುವುದು ಅಲ್ಲೇ, ತನ್ನಷ್ಟಕ್ಕೆ ತಾನೇ. ಅದಕ್ಕೇ ಕಪ್ಪೆಯ ಹೃದಯವನ್ನು ಹೊರತೆಗೆದು ಸರಿಯಾದ ಉಪ್ಪುನೀರಿನ ದ್ರಾವಣದಲ್ಲಿಟ್ಟರೆ ಅದು ಗಂಟೆಗಟ್ಟಲೆ ಬಡಿಯುತ್ತಲೇ ಇರುತ್ತದೆ.

ಹಾಗಾದರೆ ನರಗಳ ಕೆಲಸವೇನು? ವೇಗವನ್ನು ಏರಿಸುವುದು, ಇಳಿಸುವುದು. ಮೆದುಳಿನ ಬುಡದಿಂದ ಕುತ್ತಿಗೆಯ ಮೂಲಕ ಎದೆಗೆ ಇಳಿಯುವ ವೇಗಸ್ ನರ ಬ್ರೇಕ್ ಇದ್ದಂತೆ. ಬೆನ್ನುಹುರಿಯ ಕಡೆಯಿಂದ ಬರುವ ಇನ್ನೊಂದು ನರಗಳ ಗುಂಪು ಆಕ್ಸಿಲರೇಟರ್ ಇದ್ದಂತೆ. ಈ ಎರಡೂ ಇಲ್ಲದಿದ್ದರೆ ನಮ್ಮ ಹೃದಯ ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ನರಗಳ ಸಂಪರ್ಕ ಕತ್ತರಿಸಿರುವುದರಿಂದ ವಿಶ್ರಾಂತಿಯಲ್ಲೂ ಬಡಿತ ಹೆಚ್ಚಾಗಿಯೇ ಇರುತ್ತದೆ. ನಮ್ಮ ನಿಮ್ಮ ಬಡಿತ 70ರ ಆಸುಪಾಸಿನಲ್ಲಿ ಇರುವುದು ವೇಗಸ್ ನರ ಸದಾ ಮೆಲ್ಲಗೆ ಬ್ರೇಕ್ ಒತ್ತಿಕೊಂಡೇ ಇರುವುದರಿಂದ.

ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೆ ಹೃದಯ ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ವೇಬರ್ ಸಹೋದರರು 1845ರಲ್ಲೇ ತೋರಿಸಿದ್ದರು. ಬ್ರೇಕ್ ಇದೆ ಎಂಬುದು ಗೊತ್ತಾಗಿತ್ತು. ಅದು ಕೆಲಸ ಮಾಡುವುದು ಹೇಗೆ ಎಂಬುದೇ ಗೊತ್ತಿರಲಿಲ್ಲ. ನರದಲ್ಲಿ ಹರಿಯುವುದು ವಿದ್ಯುತ್ ಸಂಕೇತ. ಅದು ನರದ ತುದಿಗೆ ಬಂದು ಹೃದಯದ ಸ್ನಾಯುವಿಗೆ ನೇರವಾಗಿ ಜಿಗಿಯುತ್ತದೆ ಎಂಬುದೇ ಹೆಚ್ಚಿನವರ ನಂಬಿಕೆಯಾಗಿತ್ತು.

ಮರೆತುಹೋದ ಒಂದು ಮಾತು

1902ರ ಸುಮಾರಿಗೆ ಲೋವಿ ಇಂಗ್ಲೆಂಡಿಗೆ ಹೋಗಿದ್ದರು. ಅಲ್ಲಿ ಹೆನ್ರಿ ಡೇಲ್ ಎಂಬ ತರುಣ ಸಂಶೋಧಕರ ಗೆಳೆತನವಾಯಿತು. ಕೇಂಬ್ರಿಜ್‌ನಲ್ಲಿ ಟಿ. ಆರ್. ಎಲಿಯಟ್ ಅವರ ಪರಿಚಯವಾಯಿತು. 1904ರಲ್ಲಿ ಇದೇ ಎಲಿಯಟ್ ಒಂದು ಹೊಸ ಸಾಧ್ಯತೆಯನ್ನು ಮುಂದಿಟ್ಟರು: ಕೆಲವು ನರಗಳ ತುದಿಯಿಂದ ಅಡ್ರಿನಲಿನ್‌ನಂಥ ವಸ್ತು ಹೊರಬಂದು ಕೆಲಸ ಮಾಡುತ್ತಿರಬಹುದೇ?

ಲೋವಿ ಕೂಡ 1903ರಲ್ಲಿ ಇಂಥದ್ದೇ ವಿಚಾರವನ್ನು ವಾಲ್ಟರ್ ಫ್ಲೆಚರ್ ಎಂಬ ಇಂಗ್ಲಿಷ್ ಗೆಳೆಯರ ಜೊತೆ ಮಾತಾಡಿದ್ದರು. ವೇಗಸ್ ನರವೂ ಒಂದು ರಾಸಾಯನಿಕವನ್ನು ಚೆಲ್ಲಿಯೇ ಹೃದಯವನ್ನು ನಿಧಾನ ಮಾಡುತ್ತಿದ್ದರೆ? ಆದರೆ ಇದನ್ನು ಪರೀಕ್ಷಿಸುವ ದಾರಿ ಆಗ ಹೊಳೆಯಲಿಲ್ಲ. ಮಾತು ಅಲ್ಲಿಗೇ ನಿಂತಿತು. ಲೋವಿ ಅದನ್ನು ಎಷ್ಟರಮಟ್ಟಿಗೆ ಮರೆತಿದ್ದರೆಂದರೆ, ಹಲವು ವರ್ಷಗಳ ನಂತರ ಫ್ಲೆಚರ್ ಅವರೇ ನೆನಪಿಸಬೇಕಾಯಿತು.

ಈ ನಡುವೆ ಲೋವಿ ಸುಮ್ಮನೆ ಕುಳಿತಿರಲಿಲ್ಲ. ಪ್ರೋಟೀನು ದೇಹದಲ್ಲಿ ಹೇಗೆ ಬಳಕೆಯಾಗುತ್ತದೆ, ಮಧುಮೇಹ, ಮೂತ್ರಪಿಂಡ, ಹೃದಯದ ಔಷಧಗಳು ಹೀಗೆ ಹಲವು ವಿಷಯಗಳ ಮೇಲೆ ಕೆಲಸ ಮಾಡಿದರು. ಕಪ್ಪೆಯ ಹೃದಯದೊಳಗೆ ದ್ರಾವಣ ತುಂಬಿ, ಹೃದಯ ಅದರೊಳಕ್ಕೆ ಏನನ್ನಾದರೂ ಬಿಡುತ್ತದೆಯೇ ಎಂದು ನೋಡುವ ಪ್ರಯೋಗವನ್ನೂ ಬೇರೊಂದು ಉದ್ದೇಶಕ್ಕಾಗಿ ಮಾಡಿದ್ದರು. ಅಂದರೆ ಬೇಕಾದ ಸಾಮಾನು ಸರಂಜಾಮೆಲ್ಲ ಮನಸ್ಸಿನ ಉಗ್ರಾಣದಲ್ಲಿ ಸೇರಿತ್ತು. ಒಂದಕ್ಕೊಂದು ಜೋಡಿಸುವುದಷ್ಟೇ ಬಾಕಿ.

ಆ ಎರಡು ರಾತ್ರಿಗಳು

ಲೋವಿ ಹೇಳಿಕೊಂಡ ಪ್ರಕಾರ ಅದು 1920ರ ಈಸ್ಟರ್ ಹಬ್ಬದ ಸಮಯ. ರಾತ್ರಿ ಎಚ್ಚರವಾಯಿತು. ದೀಪ ಹಚ್ಚಿ ಒಂದು ತುಂಡು ಕಾಗದದ ಮೇಲೆ ಏನೋ ಗೀಚಿ ಮತ್ತೆ ಮಲಗಿದರು. ಬೆಳಿಗ್ಗೆ ಎದ್ದಾಗ ಬಹಳ ಮುಖ್ಯವಾದುದನ್ನು ಬರೆದಿದ್ದೇನೆ ಎಂಬ ನೆನಪಿತ್ತು. ಆದರೆ ತಮ್ಮದೇ ಅಕ್ಷರ ಓದಲಾಗಲಿಲ್ಲ! ಇಡೀ ದಿನ ಒದ್ದಾಡಿದರು. ಮರುದಿನ ನಸುಕಿನ ಮೂರು ಗಂಟೆಗೆ ಅದೇ ವಿಚಾರ ಮತ್ತೆ ಬಂತು. ಈ ಸಲ ಅವರು ಕಾಗದವನ್ನು ನೆಚ್ಚಲಿಲ್ಲ. ಎದ್ದು ನೇರ ಪ್ರಯೋಗಾಲಯಕ್ಕೆ ಹೋದರು.

ಪ್ರಯೋಗ ಸರಳವಾಗಿತ್ತು. ಎರಡು ಕಪ್ಪೆಗಳ ಹೃದಯಗಳನ್ನು ಹೊರತೆಗೆದರು. ಮೊದಲನೆಯದಕ್ಕೆ ನರ ಅಂಟಿಕೊಂಡಿತ್ತು. ಎರಡನೆಯದಕ್ಕೆ ನರ ಇರಲಿಲ್ಲ. ಎರಡಕ್ಕೂ ಉಪ್ಪಿನ ದ್ರಾವಣ ತುಂಬಿಸಿದರು. ಎರಡೂ ತಮ್ಮ ಪಾಡಿಗೆ ಬಡಿಯುತ್ತಿದ್ದವು. ಮೊದಲ ಹೃದಯದ ವೇಗಸ್ ನರಕ್ಕೆ ಕೆಲವು ನಿಮಿಷ ವಿದ್ಯುತ್ ಪ್ರಚೋದನೆ ಕೊಟ್ಟರು. ಅದು ನಿರೀಕ್ಷೆಯಂತೆ ನಿಧಾನವಾಯಿತು. ಆಮೇಲೆ ಅದರೊಳಗಿದ್ದ ದ್ರಾವಣವನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರು.

ಎರಡನೇ ಹೃದಯವೂ ನಿಧಾನವಾಯಿತು.

ಅದಕ್ಕೆ ನರವೇ ಇರಲಿಲ್ಲ. ವಿದ್ಯುತ್ ಮುಟ್ಟಿಯೂ ಇರಲಿಲ್ಲ. ಅದಕ್ಕೆ ಹೋಗಿದ್ದು ಒಂದಿಷ್ಟು ನೀರು ಮಾತ್ರ. ಹಾಗಾದರೆ ಮೊದಲ ಹೃದಯದ ನರ ಆ ನೀರಿಗೆ ಏನನ್ನೋ ಬಿಟ್ಟಿರಲೇಬೇಕು. ವೇಗ ಹೆಚ್ಚಿಸುವ ನರವನ್ನು ಪ್ರಚೋದಿಸಿ ದ್ರಾವಣ ವರ್ಗಾಯಿಸಿದಾಗ ಎರಡನೇ ಹೃದಯ ಚುರುಕಾಯಿತು. ನರ ಮಾತಾಡುವುದು ರಾಸಾಯನಿಕದ ಭಾಷೆಯಲ್ಲಿ ಎಂಬುದಕ್ಕೆ ಸಿಕ್ಕ ಮೊದಲ ನೇರ ಪುರಾವೆ ಇದು. 1921ರಲ್ಲಿ ಲೋವಿ ಇದನ್ನು ಪ್ರಕಟಿಸಿದರು. ಆ ವಸ್ತು ಯಾವುದೆಂದು ಇನ್ನೂ ಗೊತ್ತಿಲ್ಲದ ಕಾರಣ ವೇಗಸ್ ನರದ ವಸ್ತು ಎಂಬ ಅರ್ಥದ ಜರ್ಮನ್ ಹೆಸರನ್ನಷ್ಟೇ ಅದಕ್ಕೆ ಕೊಟ್ಟರು.

ಒಂದು ಸ್ವಾರಸ್ಯವನ್ನು ಲೋವಿ ತಾವೇ ಒಪ್ಪಿಕೊಂಡಿದ್ದಾರೆ. ಹಗಲು ಹೊತ್ತಿನಲ್ಲಿ ಕುಳಿತು ಯೋಚಿಸಿದ್ದರೆ ಅವರು ಈ ಪ್ರಯೋಗ ಮಾಡುತ್ತಲೇ ಇರಲಿಲ್ಲವಂತೆ. ಯಾಕೆಂದರೆ ನರದ ತುದಿಯಿಂದ ಬರುವ ವಸ್ತು ತೀರಾ ಅಲ್ಪ. ಪಕ್ಕದ ಸ್ನಾಯುವಿಗೆ ಸಾಕಾಗುವಷ್ಟಿದ್ದರೆ ಹೆಚ್ಚು. ಅದು ದ್ರಾವಣಕ್ಕೂ ಚೆಲ್ಲಿ ಇನ್ನೊಂದು ಹೃದಯವನ್ನು ನಿಧಾನಗೊಳಿಸುವಷ್ಟು ಉಳಿಯುತ್ತದೆ ಎಂದು ಯಾರು ನಂಬುತ್ತಾರೆ? ಆ ಅನುಮಾನ ಏಳುವ ಮೊದಲೇ ಅವರು ಪ್ರಯೋಗಾಲಯದಲ್ಲಿದ್ದರು. ಕನಸಿನಿಂದ ಆದ ಉಪಕಾರ ಇಷ್ಟೇ. ಉತ್ತರ ಹೌದೋ ಅಲ್ಲವೋ ಎಂದು ಹೇಳಿದ್ದು ಕಪ್ಪೆಯ ಹೃದಯ.

ನಂಬದವರ ಎದುರಿಗೆ

ಜಗತ್ತು ಕೂಡಲೇ ಚಪ್ಪಾಳೆ ತಟ್ಟಿತೇ? ಇಲ್ಲ. ಬೇರೆ ಕೆಲವು ಪ್ರಯೋಗಾಲಯಗಳಲ್ಲಿ ಇದೇ ಪ್ರಯೋಗ ಸರಿಯಾಗಿ ಬರಲಿಲ್ಲ. ಕಾರಣಗಳಿದ್ದವು. ಕಪ್ಪೆಯಲ್ಲಿ ಬ್ರೇಕ್ ನರವೂ ಆಕ್ಸಿಲರೇಟರ್ ನರವೂ ಒಂದೇ ಕಟ್ಟಿನಲ್ಲಿ ಸಾಗುತ್ತವೆ. ಹಾಗಾಗಿ ಫಲಿತಾಂಶ ಕಲಸಿಹೋಗಬಹುದು. ಮೇಲಾಗಿ ಆ ವಸ್ತು ಹೊರಬಂದ ಕೂಡಲೇ ನಾಶವಾಗತೊಡಗುತ್ತದೆ. ಅನುಮಾನಿಸಿದವರು ಮೂರ್ಖರೇನಲ್ಲ. ಒಬ್ಬರ ಕೈಯಲ್ಲಿ ಬಂದದ್ದು ಇನ್ನೊಬ್ಬರ ಕೈಯಲ್ಲೂ ಬರಬೇಕು ಎಂದು ಕೇಳುವುದು ವಿಜ್ಞಾನದ ನಿಯಮ.

1926ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶರೀರಕ್ರಿಯಾ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಎಲ್ಲರೆದುರು ಮಾಡಿ ತೋರಿಸಿ ಎಂದು ಲೋವಿ ಅವರಿಗೆ ಹೇಳಲಾಯಿತು. ಅವರು ಒಂದೇ ಹೃದಯದ ಮೇಲೆ ಹದಿನೆಂಟು ಸಲ ಪ್ರಯೋಗ ಮಾಡಿ ತೋರಿಸಿದರು.

ಅದೇ ವರ್ಷ ಅವರೂ ಸಹೋದ್ಯೋಗಿ ಅರ್ನ್ಸ್ಟ್ ನಾವ್ರಾಟಿಲ್ ಅವರೂ ಇನ್ನೊಂದು ಗಂಟು ಬಿಡಿಸಿದರು. ಈ ವಸ್ತು ಅಷ್ಟು ಬೇಗ ಮಾಯವಾಗುವುದು ಯಾಕೆ? ಹೃದಯದ ಅಂಗಾಂಶದಲ್ಲೇ ಅದನ್ನು ಒಡೆದುಹಾಕುವ ಕಿಣ್ವವೊಂದಿದೆ. ಆಫ್ರಿಕಾದ ಕ್ಯಾಲಬಾರ್ ಎಂಬ ಬೀಜದಿಂದ ತೆಗೆದ ಎಸರಿನ್ ಎಂಬ ಔಷಧ ಕೊಟ್ಟರೆ ಆ ಕಿಣ್ವದ ಕೆಲಸ ನಿಂತು, ವೇಗಸ್ ನರದ ಪರಿಣಾಮ ಹೆಚ್ಚು ಹೊತ್ತು ಉಳಿಯುತ್ತದೆ. ಇನ್ನೊಂದು ಔಷಧ ಆಟ್ರೋಪಿನ್. ಅದು ನರದಿಂದ ವಸ್ತು ಹೊರಬರುವುದನ್ನು ತಡೆಯುವುದಿಲ್ಲ. ಬಂದ ವಸ್ತು ಹೃದಯದ ಮೇಲೆ ಕೆಲಸ ಮಾಡದಂತೆ ತಡೆಯುತ್ತದೆ. ಬೀಗದ ರಂಧ್ರಕ್ಕೆ ಮೇಣ ತುಂಬಿದರೆ ಕೀಲಿ ಕೈಯಲ್ಲಿದ್ದೂ ಬಾಗಿಲು ತೆರೆಯಲಾಗದು, ಹಾಗೆ.

ವಸ್ತುವಿನ ಗುಣಗಳೆಲ್ಲ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆ ಹೊಂದುತ್ತಿದ್ದವು. ಲೋವಿ ಅವರ ಹಳೆಯ ಗೆಳೆಯ ಡೇಲ್ 1914ರಲ್ಲೇ ಅದರ ಪರಿಣಾಮಗಳನ್ನು ವಿವರಿಸಿದ್ದರು. ಆದರೆ ಪ್ರಾಣಿಯ ದೇಹದಲ್ಲಿ ಅದು ಸಹಜವಾಗಿ ಇದೆಯೇ ಎಂಬ ಪ್ರಶ್ನೆ ಉಳಿದಿತ್ತು. 1929ರಲ್ಲಿ ಡೇಲ್ ಮತ್ತು ಡಡ್ಲಿ ಎತ್ತು, ಕುದುರೆಗಳ ಗುಲ್ಮದಿಂದ ಅದನ್ನು ಬೇರ್ಪಡಿಸಿ ತೋರಿಸಿದರು. 1936ರಲ್ಲಿ ಲೋವಿ ಮತ್ತು ಡೇಲ್ ಇಬ್ಬರಿಗೂ ಸೇರಿ ನೊಬೆಲ್ ಪ್ರಶಸ್ತಿ ಬಂತು.

ಆಗಲೂ ಎಲ್ಲರೂ ಒಪ್ಪಿರಲಿಲ್ಲ. ಮೆದುಳಿನೊಳಗೆ ಮಾತ್ರ ವಿದ್ಯುತ್ ಕಿಡಿಯೇ ಜಿಗಿಯುವುದು ಎಂದು ಜಾನ್ ಎಕಲ್ಸ್ ಎಂಬ ದೊಡ್ಡ ವಿಜ್ಞಾನಿ ಪಟ್ಟು ಹಿಡಿದಿದ್ದರು. 1951ರಲ್ಲಿ ಅವರದೇ ಪ್ರಯೋಗ ಅವರ ಮಾತಿಗೆ ವಿರುದ್ಧವಾಗಿ ಬಂತು. ಅವರು ಸೋಲು ಒಪ್ಪಿಕೊಂಡು ರಾಸಾಯನಿಕದ ಪಕ್ಷ ಸೇರಿದರು. ನೇರವಾಗಿ ವಿದ್ಯುತ್ ದಾಟುವ ಸಂಪರ್ಕಗಳೂ ಕೆಲವು ಕಡೆ ಇವೆ ಎಂದು ಆಮೇಲೆ ಗೊತ್ತಾಯಿತು. ಆದರೆ ನಮ್ಮ ದೇಹದಲ್ಲಿ ಹೆಚ್ಚಿನ ಕಡೆ ನಡೆಯುವುದು ರಾಸಾಯನಿಕದ ಮಾತುಕತೆಯೇ.

ಸೆರೆಮನೆಯಿಂದ ಒಂದು ಅಂಚೆ ಕಾರ್ಡು

ನೊಬೆಲ್ ಬಂದು ಎರಡು ವರ್ಷವೂ ಆಗಿರಲಿಲ್ಲ. 1938ರ ಮಾರ್ಚ್‌ನಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ಮಾರ್ಚ್ 11ರ ರಾತ್ರಿ ನಾಜಿಗಳು 64 ವರ್ಷದ ಲೋವಿ ಅವರನ್ನು ಮನೆಯಿಂದ ಎಳೆದೊಯ್ದು ಸೆರೆಮನೆಗೆ ಹಾಕಿದರು. ಅವರ ಇಬ್ಬರು ಗಂಡುಮಕ್ಕಳೂ ಸೆರೆಯಾದರು. ಮಾಡಿದ ತಪ್ಪು ಯಹೂದಿಯಾಗಿ ಹುಟ್ಟಿದ್ದು, ಅಷ್ಟೇ.

ಬೆಳಗಾಗುವುದರೊಳಗೆ ತಮ್ಮನ್ನು ಕೊಲ್ಲುತ್ತಾರೆ ಎಂದೇ ಲೋವಿ ಭಾವಿಸಿದ್ದರು. ಆಗ ಅವರಿಗೆ ನೆನಪಾದದ್ದು ಇನ್ನೂ ಪ್ರಕಟವಾಗದೇ ಉಳಿದಿದ್ದ ತಮ್ಮ ಕೊನೆಯ ಪ್ರಯೋಗಗಳು. ತಾವು ಸತ್ತರೆ ಆ ಫಲಿತಾಂಶಗಳೂ ಸಾಯುತ್ತವಲ್ಲ! ಕಾವಲುಗಾರನಿಂದ ಹೇಗೋ ಒಂದು ಅಂಚೆ ಕಾರ್ಡು ಪಡೆದು, ಫಲಿತಾಂಶವನ್ನು ಚುಟುಕಾಗಿ ಬರೆದು, ವಿಜ್ಞಾನ ಪತ್ರಿಕೆಯೊಂದರ ವಿಳಾಸಕ್ಕೆ ಕಳುಹಿಸಿದರು. ಕಾರ್ಡು ಹೊರಟ ಮೇಲೆ ಮನಸ್ಸಿಗೆ ನಿರಾಳವಾಯಿತಂತೆ.

ಸುಮಾರು ಎರಡು ತಿಂಗಳ ನಂತರ ಬಿಡುಗಡೆಯಾಯಿತು. ಆದರೆ ದೇಶ ಬಿಟ್ಟು ಹೋಗಬೇಕಾದರೆ ಸ್ವೀಡನ್ನಿನ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನು ನಾಜಿಗಳ ಹಿಡಿತದಲ್ಲಿದ್ದ ಬ್ಯಾಂಕಿಗೆ ವರ್ಗಾಯಿಸಬೇಕಾಯಿತು. ಇದ್ದದ್ದನ್ನೆಲ್ಲ ಬಿಟ್ಟು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಂಡನ್ ಸೇರಿದರು. ಪತ್ನಿ ಗೀಡಾ ಅವರನ್ನು ಆಸ್ತಿಯ ಕಾರಣಕ್ಕೆ ತಡೆಹಿಡಿಯಲಾಯಿತು. ಅವರು ಪತಿಯನ್ನು ಸೇರಿಕೊಂಡದ್ದು 1941ರಲ್ಲಿ.

ಬೆಲ್ಜಿಯಂ, ಇಂಗ್ಲೆಂಡ್ ಸುತ್ತಿ 1940ರಲ್ಲಿ ಲೋವಿ ಅಮೆರಿಕಕ್ಕೆ ಹೋದರು. ನ್ಯೂಯಾರ್ಕ್ ವಿಶ್ವವಿದ್ಯಾಲಯ ಅವರಿಗೆ ಸಂಶೋಧನಾ ಪ್ರಾಧ್ಯಾಪಕರ ಸ್ಥಾನ ಕೊಟ್ಟಿತು. 1946ರಲ್ಲಿ ಅಮೆರಿಕದ ಪೌರರಾದರು. ಹೊಸ ದೇಶ, ಹೊಸ ಭಾಷೆ, ಎಪ್ಪತ್ತರ ವಯಸ್ಸು. ಆದರೂ ವಿದ್ಯಾರ್ಥಿಗಳ ಜೊತೆ ಹರಟುತ್ತಾ, ಬೇಸಿಗೆಯಲ್ಲಿ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನ ವಿಜ್ಞಾನಿಗಳ ನಡುವೆ ದಿನ ಕಳೆಯುತ್ತಾ ಬಾಳಿದರು. 1961ರ ಡಿಸೆಂಬರ್ 25ರಂದು, 88ನೇ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಇದರಿಂದ ನಮಗೇನು?

ಇಲ್ಲಿಂದ ನಮ್ಮ ಹೊಲಗದ್ದೆಗೆ ಬರೋಣ. ಬೆಳೆಗೆ ಸಿಂಪಡಿಸುವ ಹಲವು ಕೀಟನಾಶಕಗಳು ಆರ್ಗನೋಫಾಸ್ಫೇಟ್ ಎಂಬ ಗುಂಪಿಗೆ ಸೇರಿದವು. ಇವು ಕೆಲಸ ಮಾಡುವುದು ಲೋವಿ ಅವರ ಎಸರಿನ್ ಹಿಡಿದ ದಾರಿಯಲ್ಲೇ: ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ದೇಹದಲ್ಲಿ ಆ ರಾಸಾಯನಿಕ ತುಂಬಿ ತುಳುಕುತ್ತದೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಿಪರೀತ ಬೆವರು, ವಾಂತಿ, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಉಸಿರಾಟದ ತೊಂದರೆ, ಹಲವರಲ್ಲಿ ಎದೆಬಡಿತವೂ ತೀರಾ ನಿಧಾನ. ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಮದ್ದು ಯಾವುದು? ಅದೇ ಆಟ್ರೋಪಿನ್. ಕಪ್ಪೆಯ ಹೃದಯದಲ್ಲಿ ಕಂಡ ಆ ಸಂಗತಿ ಇವತ್ತು ಜೀವ ಉಳಿಸುತ್ತಿದೆ.

ಹಾಗಾಗಿ ಇದನ್ನು ತಪ್ಪದೇ ನೆನಪಿಡಿ. ಔಷಧಿ ಹೊಡೆಯುವಾಗ ಯಾರಿಗಾದರೂ ಈ ಲಕ್ಷಣಗಳು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮನೆಮದ್ದು ಹುಡುಕುವುದು ಬೇಡ. ನಿಮ್ಮ ಕೈಗೆ ಔಷಧಿ ತಾಗದಂತೆ ಎಚ್ಚರವಹಿಸಿ, ಅವರ ಒದ್ದೆಯಾದ ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆದು, 108ಕ್ಕೆ ಕರೆ ಮಾಡಿ. ಔಷಧಿಯ ಡಬ್ಬಿ ಅಥವಾ ಅದರ ಚೀಟಿಯ ಫೋಟೊ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.

ಇನ್ನೊಂದು ಮಾತು. ವೇಗಸ್ ನರದ ಹೆಸರಿನಲ್ಲಿ ಈಗ ಬಗೆಬಗೆಯ ವಿಡಿಯೊಗಳು ಬರುತ್ತಿವೆ. ತಣ್ಣೀರಿನಲ್ಲಿ ಮುಖ ಅದ್ದಿದರೆ ಎದೆಬಡಿತ ತುಸು ಇಳಿಯುವುದು ನಿಜ. ದೀರ್ಘವಾಗಿ ಉಸಿರು ಬಿಟ್ಟರೂ ಇಳಿಯುತ್ತದೆ. ಅದು ವೇಗಸ್ ನರದ್ದೇ ಕೆಲಸ. ಆದರೆ ಇದರಿಂದ ಹೃದಯಾಘಾತ ನಿಲ್ಲುವುದಿಲ್ಲ, ಮುಚ್ಚಿಹೋದ ರಕ್ತನಾಳ ತೆರೆಯುವುದಿಲ್ಲ. ಎದೆನೋವು ಬಂದಾಗ ಇಂಥ ಉಪಾಯ ಮಾಡುತ್ತಾ ಕೂತರೆ ಕಳೆದುಹೋಗುವುದು ಅಮೂಲ್ಯವಾದ ಸಮಯ.

ಈಗ ಮೊದಲಿನ ಫಾರ್ವರ್ಡ್‌ಗೆ ಮರಳೋಣ. ಲೋವಿ ಅವರಿಗೆ ಕನಸು ಬಿದ್ದದ್ದು ನಿಜ. ಆದರೆ ಅವರು ಕನಸನ್ನು ಯಾರಿಗೂ ಫಾರ್ವರ್ಡ್ ಮಾಡಲಿಲ್ಲ. ಮೊದಲು ಎದ್ದುಹೋಗಿ ಪರೀಕ್ಷಿಸಿದರು. ಫಲಿತಾಂಶ ಬಂದ ಮೇಲೂ ಅನುಮಾನಿಸಿದವರ ಎದುರು ಮತ್ತೆ ಮತ್ತೆ ಮಾಡಿ ತೋರಿಸಿದರು. ಮುಂದಿನ ಸಲ ಹೃದಯದ ಬಗ್ಗೆ ನಂಬಲು ತುಂಬ ಚೆನ್ನಾಗಿರುವ ಸಂದೇಶವೊಂದು ಬಂದಾಗ, ಕಳುಹಿಸುವ ಮೊದಲು ನಾವೂ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇದನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ?